ನನ್ನನ್ನು ಕೇಳಿಕೊಂಡು ಬಂದವನು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಮುಖದ ಮೇಲೆಯೇ ನಕ್ಕವನು ನಾನು. ತಾಳವಾಡಿಯ ಕಡೆ ಯಾರಿಗೋ ಗಾಳಿ ಸೋಕಿತು, ಯಾರಿಗೋ ಮೈಮೇಲೆ ಬಂತು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಎಲ್ಲಕ್ಕೂ ನನ್ನದು ಒಂದೇ ಉತ್ತರವಾಗಿತ್ತು: ನಿದ್ದೆಗೆಟ್ಟಿದ್ದಾರೆ, ಮಲಗಿದರೆ ಸರಿಹೋಗುತ್ತದೆ. ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ನನ್ನ ಕಷ್ಟ ಏನೆಂದರೆ, ನನಗೆ ಆದದ್ದಕ್ಕೆ ದೆವ್ವ ಎಂದು ಹೇಳಿ ಕೈತೊಳೆದುಕೊಳ್ಳಲೂ ಆಗುತ್ತಿಲ್ಲ. ಓದಿದ ಮೇಲೆ ನೀವು ಏನಾದರೂ ಅಂದುಕೊಳ್ಳಿ. ನಾನು ಕಂಡಷ್ಟನ್ನು ಹೇಳುತ್ತೇನೆ.

ತಾಳವಾಡಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಅಪ್ಪ ಇಟ್ಟದ್ದು. ಊರು ತಮಿಳುನಾಡಿಗೆ ಸೇರಿದ್ದು, ಜನರ ಮಾತು ಕನ್ನಡ; ಹಾಗಾಗಿ ಬೋರ್ಡಿನಲ್ಲಿ ಮೇಲೆ ಕನ್ನಡ, ಕೆಳಗೆ ತಮಿಳು. ಅಂಗಡಿಗೆ ಬರುವ ಮುಂಚೆ ಮೈಸೂರಿನಲ್ಲಿ ಬಿ.ಎ. ಓದಿದೆ. ತತ್ವಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ನನ್ನ ವಿಷಯಗಳು. 'ನಾನು' ಅಂದರೆ ಏನು ಎಂಬ ಪ್ರಶ್ನೆ ಮೂರರಲ್ಲೂ ಬರುತ್ತಿತ್ತು, ಮೂರು ಕಡೆಯೂ ಬೇರೆ ಬೇರೆ ಉತ್ತರ. ದೇಹ, ಬುದ್ಧಿ ಎಲ್ಲದರ ಹಿಂದೆ ಕುಳಿತು ನೋಡುತ್ತಿರುವುದೇ ನಾನು ಎಂದು ತತ್ವಶಾಸ್ತ್ರದ ಮೇಷ್ಟ್ರು ಹೇಳುತ್ತಿದ್ದರು. ಹಾಗೇನೂ ಇಲ್ಲ, ನಾಲ್ಕು ಜನ ನಿನ್ನನ್ನು ಏನೆಂದು ನೋಡುತ್ತಾರೋ ಅದನ್ನೇ ನೀನು ನಾನು ಎಂದು ತಿಳಿಯುತ್ತೀಯ ಎಂದು ಸಮಾಜಶಾಸ್ತ್ರದವರು. ನೆನಪುಗಳ ಗಂಟು ಬಿಚ್ಚಿಹೋದರೆ ನಾನೂ ಹೋಯಿತು ಎಂದು ಮನಶ್ಶಾಸ್ತ್ರದವರು. ಪರೀಕ್ಷೆಯಲ್ಲಿ ಯಾರಿಗೆ ಯಾವುದು ಬೇಕೋ ಅದನ್ನು ಬರೆದು ಪಾಸಾದೆ. ಆಮೇಲೆ ಊರಿಗೆ ಬಂದು ಅಂಗಡಿಯಲ್ಲಿ ಕುಳಿತವನಿಗೆ ಅದರ ಯೋಚನೆಯೇ ಬರಲಿಲ್ಲ. ನಾನು ಅಂದರೆ ನಾನು. ಅದರಲ್ಲಿ ಕೇಳುವುದೇನಿದೆ?

ಕೆಲವು ವರ್ಷಗಳ ಹಿಂದೆ ಪಣಕಹಳ್ಳಿಯಿಂದ ಪುಟ್ಟಸ್ವಾಮಿ ಎಂಬುವರು ಅಂಗಡಿಗೆ ಬಂದರು. ರಾಗಿ, ಮುಸುಕಿನ ಜೋಳ ಬೆಳೆಯುವ ಮನೆಯವರು. ಅವರ ತಮ್ಮ ನಂಜುಂಡ, ಹೊಲಕ್ಕೆ ನೀರು ಬಿಡಲು ಮೋಟಾರ್ ಹಾಕುವಾಗ ಕರೆಂಟ್ ಹೊಡೆದು ತೀರಿಕೊಂಡಿದ್ದ. ತಿಥಿಗೆ ದೊಡ್ಡದೊಂದು ಫೋಟೊ ಬೇಕಿತ್ತು.

"ಅವನ್ದು ಅಂತ ಒಂದ್ ಫೋಟೊನೂ ಇಲ್ಲ ಕಣಣ್ಣ. ಈ ಆಧಾರ್ ಕಾರ್ಡ್‌ನಲ್ಲಿ ಇರೋದೊಂದೇ" ಎಂದರು.

"ಮೊಬೈಲ್‌ನಲ್ಲಿ ಇಲ್ವಾ?" ಎಂದು ಕೇಳಿದೆ.

"ಮನೇಲಿ ಎಲ್ರುದ್ನೂ ತಗೀತಿದ್ದೋನು ಅವನೇ. ಅವನ್ನ ಯಾರೂ ತಗೀನಿಲ್ಲ."

ಇದು ನಮಗೆ ಹೊಸ ಕೆಲಸವಲ್ಲ. ಕಾರ್ಡಿನ ಮುಖ ತೆಗೆದು, ತಿದ್ದಿ, ಬೇರೆ ಯಾರದೋ ಮೈಗೆ ಕೂರಿಸುತ್ತೇವೆ. ಕಂಪ್ಯೂಟರಿನಲ್ಲಿ ಅದಕ್ಕೆಂದೇ ಕೋಟು ಹಾಕಿದ, ಶಲ್ಯ ಹೊದ್ದ ಮೈಗಳು ಇರುತ್ತವೆ. ಅವನ್ನು ತೋರಿಸಿದೆ. ಪುಟ್ಟಸ್ವಾಮಿಗೆ ಯಾವುದೂ ಹಿಡಿಸಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಂಚಿನ ಶಲ್ಯ ತೆಗೆದು ಮೇಜಿನ ಮೇಲಿಟ್ಟರು. ನಂಜುಂಡ ಮದುವೆ ಮನೆಗಳಿಗೆ ಹಾಕಿಕೊಂಡು ಹೋಗುತ್ತಿದ್ದ ಬಟ್ಟೆ.

"ನೀವೂ ಮೈಕಟ್ನಲ್ಲಿ ಅವನಂಗೇ ಇದ್ದೀರಿ. ಇದ ಆಕ್ಕಂಡು ನೀವೇ ಕುಂತ್ಕಂಡ್‌ಬುಟ್ರೆ ಆಗಾಕಿಲ್ವಾ ಅಣ್ಣ? ಅವನ ಬಟ್ಟೇಲಿ ಇದ್ದಂಗಾದ್ರೂ ಆಯ್ತದೆ."

ಇಲ್ಲ ಎನ್ನಲು ನನಗೆ ಯಾವ ಕಾರಣವೂ ಇರಲಿಲ್ಲ. ಒಳಗೆ ಹೋಗಿ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತೆ. ಅಂಗಿ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿ ಕೂತಿತು. ಟೈಮರ್ ಇಟ್ಟಿದ್ದ ಕ್ಯಾಮೆರಾ ಅದರಷ್ಟಕ್ಕೆ ಕ್ಲಿಕ್ ಎಂದಿತು. ಬಟ್ಟೆಯನ್ನು ಆಗಲೇ ಮಡಚಿ ಪುಟ್ಟಸ್ವಾಮಿಯ ಕೈಗೆ ಕೊಟ್ಟೆ.

ತಿಥಿಯ ದಿನ ಬೆಳಿಗ್ಗೆ ನೀಲಿ ಚೌಕಳಿ ಅಂಗಿ ಹಾಕಿಕೊಂಡು, ಫ್ರೇಮ್ ಹಾಕಿದ ಫೋಟೊವನ್ನು ಬೈಕಿಗೆ ಕಟ್ಟಿಕೊಂಡು ಪಣಕಹಳ್ಳಿಗೆ ಹೋದೆ. ಅಂಗಿಯ ವಿಷಯ ಏಕೆ ಹೇಳುತ್ತಿದ್ದೇನೆಂದು ಆಮೇಲೆ ತಿಳಿಯುತ್ತದೆ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಫೋಟೊವನ್ನು ನಡುಮನೆಯಲ್ಲಿ ಕುರ್ಚಿಯ ಮೇಲೆ ಇಟ್ಟು ಹಾರ ಹಾಕಿ, ಮುಂದೆ ಎಡೆ ಇಟ್ಟರು. ನಂಜುಂಡನ ಹೆಂಡತಿ ರಾಜಮ್ಮನನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಕರೆತಂದರು. ಆಕೆ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಬಹಳ ಹೊತ್ತು ನೋಡುತ್ತ ನಿಂತರು.

"ಮುಖ ಯಾಕೋ ಬ್ಯಾರೆ ಥರ ಅದೆ" ಎಂದರು. "ಮೈ ಮಾತ್ರ ಅವರ್ದೇ. ಈ ಎಡಗಡೆ ಭುಜ ನೋಡಿ. ಅವರ್ದು ಇಂಗೇ ಇಳೀಬಿದ್ದಿತ್ತು."

ಹಾಗೆಂದು ಸೆರಗಿನ ತುದಿಯಿಂದ ಗಾಜಿನ ಮೇಲೆ ಆ ಭುಜವನ್ನು ಒರೆಸಿದರು. ಪುಟ್ಟಸ್ವಾಮಿ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನಾನು ಫೋಟೊ ನೋಡಿದೆ. ಎಡಭುಜ ನಿಜವಾಗಿಯೂ ಕೆಳಗೆ ಇಳಿದಿತ್ತು. ಅದನ್ನು ತೆಗೆದವನು ನಾನು, ತಿದ್ದಿದವನು ನಾನು, ಅದು ನನ್ನದೇ ಭುಜ. ಆದರೂ ಅಲ್ಲಿಯವರೆಗೆ ನನಗೆ ಕಂಡಿರಲಿಲ್ಲ. ದಿನಾ ಎಷ್ಟೋ ಜನರಿಗೆ ಭುಜ ಎತ್ತಿ, ನೆಟ್ಟಗೆ ಕೂತ್ಕೊಳ್ಳಿ ಎನ್ನುತ್ತೇನೆ. ನನ್ನ ಭುಜ ಹೇಗಿದೆಯೆಂದು ನಾನು ಯಾವತ್ತೂ ನೋಡಿಕೊಂಡವನಲ್ಲ.

ಊಟ ಮಾಡದೆ ಬಿಡಲಿಲ್ಲ. ಬಂದವರೊಡನೆ ಮಾತಾಡುತ್ತ ಕುಳಿತು ಹೊರಡುವಾಗ ಹೊತ್ತು ಇಳಿದಿತ್ತು. ಆನೆಗಳು ರಸ್ತೆಗೆ ಬರುವ ಮುಂಚೆ ಊರು ಸೇರಬೇಕೆಂದು ಜೋರಾಗಿಯೇ ಬಂದೆ. ತಾಳವಾಡಿ ಹತ್ತಿರ ಬಂದಾಗ ಹಿಂದಿನ ಟೈರು ಪಂಕ್ಚರ್ ಆಯಿತು. ಬೈಕನ್ನು ತಳ್ಳಿಕೊಂಡು ಬಂದು ಬಸ್ ನಿಲ್ದಾಣದ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಮನೆಗೆ ನಡೆದೆ. ಆಗಷ್ಟೇ ದೀಪ ಹಚ್ಚುವ ಹೊತ್ತು. ನಮ್ಮ ಬೀದಿಯಲ್ಲಿ ಕರೆಂಟ್ ಇತ್ತು, ನಮ್ಮ ಬಾಗಿಲ ಮೇಲಿನ ದೀಪವೂ ಉರಿಯುತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ. ಮುಖ ಕಾಣದಷ್ಟು ಕತ್ತಲೆ ಇರಲಿಲ್ಲ.

ಚಪ್ಪಲಿ ಬಿಟ್ಟು ಬಾಗಿಲು ತಟ್ಟಿದೆ. ನನ್ನ ಹೆಂಡತಿ ಮಂಗಳ ಬಾಗಿಲು ತೆಗೆದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಯಾರ್ ಬೇಕಿತ್ತು?" ಎಂದಳು.

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಹೊಸಬರೊಂದಿಗೆ ಮಾತಾಡುವಾಗ ಅವಳಿಗೊಂದು ದನಿಯಿದೆ, ಸ್ವಲ್ಪ ಮೆಲ್ಲಗೆ, ಸ್ವಲ್ಪ ಮರ್ಯಾದೆಯಿಂದ. ಆ ದನಿಯಲ್ಲೇ ಹೇಳಿದಳು: "ಅವ್ರಿಲ್ಲ. ಫೋಟೊ ಕೊಡಕ್ಕೆ ಪಣಕಳ್ಳಿಗೆ ಓಗವ್ರೆ. ಬೆಳಿಗ್ಗೆ ಅಂಗಡಿ ತಾವ ಬನ್ನಿ, ಸಿಕ್ತಾರೆ."

ಅವಳ ಕಣ್ಣು ನೋಡಿದೆ. ಅದರಲ್ಲಿ ನನ್ನ ಗುರುತು ಇರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳು ಮುನಿಸಿಕೊಂಡಾಗ ಹೇಗೆ ನೋಡುತ್ತಾಳೆ, ಕೀಟಲೆ ಮಾಡುವಾಗ ಹೇಗೆ ನೋಡುತ್ತಾಳೆ ಎಲ್ಲ ನನಗೆ ಗೊತ್ತು. ಇದು ಯಾವುದೂ ಆಗಿರಲಿಲ್ಲ. 'ಏಯ್, ನಾನು ಕಣೆ' ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಸರಿ ಕಣವ್ವ. ಆಮೇಲೆ ಬತ್ತೀನಿ" ಎಂದೆ.

ಮಂಗಳನನ್ನು ನಾನು ಎಂದೂ ಅವ್ವ ಎಂದು ಕರೆದವನಲ್ಲ. ಏಕೆ ಹಾಗೆಂದೆನೋ ಗೊತ್ತಿಲ್ಲ. ಅವಳು ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ನಾನು ಚಪ್ಪಲಿ ಮೆಟ್ಟಿಕೊಂಡು, ಬಂದ ಕೆಲಸ ಆಗದವನ ಹಾಗೆ, ಬೀದಿಗೆ ಇಳಿದೆ.

ಬೀದಿಯ ಕೊನೆಯಲ್ಲಿ ಪಂಚಾಯ್ತಿ ನಲ್ಲಿ ಇದೆ. ಅಲ್ಲಿಗೆ ಹೋಗಿ ನಿಂತೆ. ಮೊದಲು ಭಯವಾಗಲಿಲ್ಲ ಎಂದರೆ ನೀವು ನಂಬಬೇಕು. ಮೈ ಹಗುರವಾಗಿತ್ತು. ಯಾರಿಗೂ ಏನೂ ಆಗಬೇಕಾಗಿಲ್ಲದವನ ಹಾಗೆ ಇತ್ತು. ಮುಖ ತೊಳೆಯಲು ಬಗ್ಗಿದಾಗ ಭಯ ಹತ್ತಿತು. ಕೈಗೆ ಸಿಕ್ಕ ಮುಖ ಹೇಗಿದೆಯೆಂದು ನೆನಪಿಸಿಕೊಳ್ಳಲು ನೋಡಿದರೆ ಬರುತ್ತಿಲ್ಲ. ಕಣ್ಣ ಮುಂದೆ ಬರುತ್ತಿದ್ದದ್ದು ಬೆಳಿಗ್ಗೆ ಕೊಟ್ಟುಬಂದ ಫೋಟೊ ಒಂದೇ. ನನ್ನ ಹೆಸರು ಗೊತ್ತಿತ್ತು, ಆದರೆ ಬೇರೆ ಊರಿನ ಬೋರ್ಡು ಓದಿದಷ್ಟೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನೋಡಿದೆ. ಆಗಲಿಲ್ಲ. ನಲ್ಲಿಯ ಕೆಳಗೆ ತಲೆಯೊಡ್ಡಿ, ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎಷ್ಟು ಹೊತ್ತು ಹಾಗಿದ್ದೆನೋ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಂಗಳ.

"ಎಲ್ಲಿದ್ದೀರಿ? ರೋಡ್ಗೆ ಆನೆ ಬಂದವೆ ಅಂತಿದ್ರು, ಜೀವ ಒಡಕೋತಾ ಅದೆ ನಂಗೆ. ಬೇಗ ಬನ್ನಿ. ಯಾರೋ ನಿಮ್ಮ ಕೇಳ್ಕಂಡು ಬಂದಿದ್ರು."

"ಇಲ್ಲೇ ಬಂದೆ" ಎಂದೆ. ಆ ದನಿ ನನ್ನದೇ ಆಗಿತ್ತು.

ಮತ್ತೆ ಹೋಗಿ ಬಾಗಿಲು ತಟ್ಟಿದೆ. ಈ ಸಲ ಅವಳು ಬಾಗಿಲು ತೆಗೆದು, "ಬೈಕ್ ಎಲ್ಲಿ? ಯಾಕೆ ತಲೆಯೆಲ್ಲ ನೆಂದದೆ?" ಎಂದು ಬೈಯುತ್ತ ಟವೆಲ್ ತಂದುಕೊಟ್ಟಳು. ಅವಳ ಕಣ್ಣಿನಲ್ಲಿ ನಾನು ಇದ್ದೆ.

ಸ್ವಲ್ಪ ಹೊತ್ತಿನ ಮೇಲೆ, ಬಂದಿದ್ದವರು ಯಾರೆಂದು ಕೇಳಿದೆ.

"ಗೊತ್ತಿಲ್ಲ, ಎಸ್ರು ಕೇಳ್ನಿಲ್ಲ. ಬಿಳೇ ಅಂಗಿ, ಶಲ್ಯ. ಈ ಕಡೆ ಭುಜ ವಸಿ ಇಳೀಬಿದ್ದಿತ್ತು. ಪಾಪ, ಅವ್ವ ಅಂತ ಮಾತಾಡ್ಸುದ್ರು."

ನಾನು ನನ್ನ ಅಂಗಿ ನೋಡಿಕೊಂಡೆ. ನೀಲಿ ಚೌಕಳಿ.

ಮಾರನೆಯ ದಿನ ಬೇರೇನೋ ನೆಪ ಹೇಳಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನಲ್ಲಿ ನಂಜುಂಡನ ಫೋಟೊ ತೋರಿಸಿದೆ. ಅವರೇ ಎನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೆ ಅಂದಿದ್ದರೆ ಒಂದು ರೀತಿಯಲ್ಲಿ ನನಗೆ ನೆಮ್ಮದಿಯೇ ಆಗುತ್ತಿತ್ತೇನೋ. ಅವಳು ಹತ್ತಿರ ಬಗ್ಗಿ ನೋಡಿದಳು.

"ಊಹೂಂ. ಮೈ ಇದೇಯ. ಮುಖ ಇದಲ್ಲ."

"ಮತ್ತೆ ಯಾವ ಮುಖ?"

"ಅದೇ ಜ್ಞಾಪಕಕ್ಕೆ ಬತ್ತಿಲ್ಲ" ಎಂದಳು. "ನೋಡಿದ್ ಮುಖದಂಗೇ ಇತ್ತು."

ಆ ಮೈ ನನ್ನದೆಂದು ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಆ ಫೋಟೊವನ್ನು ಅವತ್ತೇ ಅಳಿಸಿದೆ. ಸತ್ತವರ ಮುಖಕ್ಕೆ ಮೈ ಕೂರಿಸುವ ಕೆಲಸ ಬಂದರೆ ಆಗುವುದಿಲ್ಲ ಎಂದುಬಿಡುತ್ತೇನೆ. ಜನ ಬೇರೆ ಅಂಗಡಿಗೆ ಹೋಗುತ್ತಾರೆ.

ಮೈಸೂರಿಗೆ ಹೋದಾಗ ಮನೋವೈದ್ಯರೊಬ್ಬರನ್ನು ಕಂಡೆ. ಅವರು ಗಮನವಿಟ್ಟು ಕೇಳಿ, ಸಾವಿನ ಮನೆಯಿಂದ ಬಂದಿದ್ದಿರಿ, ದಣಿದಿದ್ದಿರಿ, ಸ್ವಲ್ಪ ಹೊತ್ತು ನಾನು ಯಾರು ಎಂಬ ಅರಿವು ತಪ್ಪುವುದು ಉಂಟು ಎಂದರು. ಇರಬಹುದು. ನನ್ನ ಪಾಲಿನದಕ್ಕೆ ಅದು ಉತ್ತರ. ಆದರೆ ಮಂಗಳ ದಣಿದಿರಲಿಲ್ಲ, ಅವಳು ಸಾವಿನ ಮನೆಗೂ ಹೋಗಿರಲಿಲ್ಲ. ಸಮಾಜಶಾಸ್ತ್ರ ಪಾಠ ಮಾಡುವ ಗೆಳೆಯನೊಬ್ಬ ಇನ್ನೊಂದು ಹೇಳಿದ. ಅವಳು ಗುರುತಿಸದೆ ಹೋದದ್ದರಿಂದಲೇ ನೀನು ನೀನಾಗದೆ ಹೋದೆ ಎಂದ. ಅದೂ ಸರಿ ಅನ್ನಿಸುತ್ತದೆ. ಆದರೆ ಅವಳು ಏಕೆ ಗುರುತಿಸಲಿಲ್ಲ ಎಂಬುದು ಅದರಿಂದ ತಿಳಿಯುವುದಿಲ್ಲ. ಇನ್ನು ಎಲ್ಲದರ ಹಿಂದೆ ಕುಳಿತು ನೋಡುತ್ತಿರುವವನು ಒಬ್ಬನಿದ್ದಾನೆ ಎನ್ನುವುದಾದರೆ, ಆ ನಲ್ಲಿಯ ಹತ್ತಿರ ಅವನು ಖಂಡಿತ ಇದ್ದ. ಎಲ್ಲವನ್ನೂ ನೋಡಿದ. ಆದರೆ ಅವನು ನಾನೋ ನಂಜುಂಡನೋ ಎಂದು ಅವನಿಗೇ ಗೊತ್ತಿರಲಿಲ್ಲ.

ಈ ಬಗ್ಗೆ ಮಂಗಳ ತಾನಾಗಿ ಮಾತೆತ್ತಿದ್ದು ಒಂದೇ ಸಲ. ಕಳೆದ ಅವರೆಕಾಯಿ ಕಾಲದಲ್ಲಿ ಇಬ್ಬರೂ ಜಗಲಿಯಲ್ಲಿ ಕುಳಿತು ಕಾಯಿ ಬಿಡಿಸುತ್ತಿದ್ದೆವು.

"ಅವತ್ತು ಬಂದಿದ್ರಲ್ಲ ಅವರ್ನ ಒಳಕ್ಕೆ ಕರೀಬೇಕಿತ್ತು ಅನ್ಸ್ತದೆ" ಎಂದಳು. "ತನ್ನೋರ್ನ ನೋಡ್ದಂಗೆ ನನ್ನ ನೋಡ್ತಿದ್ರು. ನಾನು ಬಾಗ್ಲು ಆಕಂಡ್‌ಬುಟ್ಟೆ."

ಅವಳ ಕೈ ನಿಂತಿತು.

"ಆಮೇಲೆ ಬಂದೋರು ನೀವೇ ತಾನೆ?"

"ಹೂಂ, ನಾನೇ" ಎಂದೆ.

ಅವಳು ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಮತ್ತೆ ಕಾಯಿ ಬಿಡಿಸತೊಡಗಿದಳು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.