ಮಗಳು ಮಡಚಿದ ಎಲೆ

ಬೆಸೆಂಟ್ ನಗರದ ಆ ಥೆರಪಿ ಸೆಂಟರಿನವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮಗಳು ನಿಖಿತಾಳಿಗೆ ಆಟಿಸಂ ಉಂಟು, ಮಾತಿಲ್ಲ. ಖುಷಿಯಾದರೂ ಹೆದರಿದರೂ ಕೈ ಕೊಡವುತ್ತಾಳೆ. ಅಲ್ಲಿ ಆ ಕೈಗಳನ್ನು ಮೇಜಿಗೆ ಒತ್ತಿ ಹಿಡಿಯುತ್ತಿದ್ದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಮಾತ್ರ ಒಂದು ಚೂರು ಚಿಪ್ಸ್. ಅವಳು ತನ್ನ ಕೈಯನ್ನೇ ಕಚ್ಚಿಕೊಳ್ಳತೊಡಗಿದಾಗ ನಾನು ಹೋಗಿ ಜಗಳ ಮಾಡಿ ಬಿಡಿಸಿದೆ.

ಆಮೇಲೆ ಸಿಕ್ಕಿದವರು ವೃಂದಾ ಟೀಚರ್. ಅವರದ್ದೂ ಅದೇ ಥೆರಪಿಯ ವಿದ್ಯೆ, ಆದರೆ ಅವರು ಮೊದಲು ಕಲಿಸಿದ್ದು ‘ಸಾಕು’ ಎನ್ನುವುದನ್ನು. ತ್ರಿಪ್ಲಿಕೇನಿನಲ್ಲಿ ನಾವು ನಡೆಸುವ ಊಟದ ಮೆಸ್ಸಿನಲ್ಲಿ ಉಂಡವರು ಬಾಳೆಲೆ ಮಡಚುವುದನ್ನು ನಿಖಿತಾ ದಿನಾ ನೋಡುವವಳು. ಯಾವುದು ಸಾಕೆನಿಸಿದರೂ ಎಲೆಯ ತುಂಡೊಂದನ್ನು ಮಡಚಿ ಎದುರಿಗಿಡಲು ಕಲಿತಳು. ಕಚ್ಚುವುದು ನಿಂತಿತು.

ಒಂದು ಮಧ್ಯಾಹ್ನ ಹೆಂಡತಿಯ ಅಣ್ಣ ಐತಪ್ಪ ಊರಿನಿಂದ ನೇರ ಮೆಸ್ಸಿಗೆ ಬಂದರು. ಅವರೆದುರು ಮಗಳ ಜಾಣತನ ತೋರಿಸುವ ಚಪಲ ನನಗೆ. ಅವಳ ಗಲ್ಲ ಹಿಡಿದೆತ್ತಿದೆ.

“ಮಾವನ ಕಣ್ಣು ನೋಡು ಮಗಾ, ಪಾಯಸ ಕೊಡ್ತೇನೆ.”

ನಿಖಿತಾ ಎಲೆ ಮಡಚಿಟ್ಟಳು. ನಾನು ಅದನ್ನು ಬಿಡಿಸಿ, “ನೋಡು ಅಂದೆನಲ್ಲ” ಎಂದು ಗದರಿದೆ. ಅವಳು ಕೈಯನ್ನು ಬಾಯಿಗೊಯ್ದು ಕಚ್ಚಿದಳು.

“ಅವರು ಹಿಡಿದದ್ದು ಕೈ, ನೀವು ಹಿಡಿದದ್ದು ಗಲ್ಲ,” ಎಂದಳು ಹೆಂಡತಿ ರತ್ನಾವತಿ. “ಮತ್ತೆ ಅಲ್ಲಿಗೆ ಜಗಳಕ್ಕೆ ಹೋದದ್ದು ಎಂತಕ್ಕೆ ಮಾರಾಯ್ರೆ?”

ಉಣ್ಣುತ್ತಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡಿದರು. ನಾನು ಸಾರಿನ ಬಕೆಟ್ ಎತ್ತಿಕೊಂಡು ಬಡಿಸಲು ಹೋದೆ.

ಸಾರಿಗೆ ಉಪ್ಪು ಹೆಚ್ಚಾದರೆ ಅದೇ ಗಿರಾಕಿಗಳಿಗೆ ‘ತಪ್ಪಾಯ್ತು’ ಎನ್ನಲು ನನಗೇನೂ ಸಂಕೋಚವಿಲ್ಲ. ಮಗಳಿಗೆ ಮಾತ್ರ ಆ ಒಂದು ಮಾತು ಇನ್ನೂ ಬಾಕಿ ಇದೆ.