ಮೂಕಿ ಸಿನಿಮಾಕ್ಕೆ ಮಾತು ಕೊಟ್ಟ ಮಾವ

ನಮ್ಮ ಮಾವನವರ ಬಲಗಿವಿ ಎಡಗಿವಿಗಿಂತ ಕೆಂಪಗಿತ್ತು. ದನಿ ಎತ್ತುವಾಗಲೆಲ್ಲ ಭಜನೆಯವರಂತೆ ಅಂಗೈಯಿಂದ ಆ ಕಿವಿಯನ್ನು ಒತ್ತಿ ಹಿಡಿಯುತ್ತಿದ್ದರು. ದನಿ ಎತ್ತುವುದೇ ಅವರ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಎಂದು ಬಂಡಿ ಮೇಲೆ ತಿರುಗುವ ಸಿನಿಮಾ ಡೇರೆಯೊಂದರಲ್ಲಿ ಪರದೆಯ ಪಕ್ಕ ನಿಂತು, ಮಾತಿಲ್ಲದ ಹಳೆಯ ನಗೆಚಿತ್ರಗಳಿಗೆ ಕನ್ನಡದ ಮಾತು ಕೂಡಿಸುತ್ತಿದ್ದರು. ಮಾತಾಡುವ ಸಿನಿಮಾ ಬಂದು ಎಷ್ಟೋ ವರ್ಷವಾಗಿತ್ತು. ಆ ಸುದ್ದಿ ಡೇರೆಯ ಮಾಲಕನಿಗೆ ಇನ್ನೂ ಮುಟ್ಟಿದಂತಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ನಾನು ಆಳಂದದ ಆ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ ತಾವೇ ಮೂಕರು. ಪಲ್ಯಕ್ಕೆ ಉಪ್ಪು ಬೀಳದಿದ್ದರೂ ಸುಮ್ಮನೆ ಉಣ್ಣುವರು. ಕೇಳಿದರೆ, “ಮಾತೆಲ್ಲಾ ಡೇರ್ಯಾಗ ಖರ್ಚಾಗ್ತಾವವಾ” ಎನ್ನುವರು.

ಅವರ ಮೆಚ್ಚಿನ ಚಿತ್ರವೊಂದಿತ್ತು. ಸಣಕಲ ಮನುಷ್ಯನೊಬ್ಬ ತಲೆಯ ಮೇಲೆ ಕಪಾಟು ಹೊತ್ತು ಊರೆಲ್ಲ ಅಲೆಯುತ್ತಾನೆ. ಅದು ಯಾರದೆಂದು ಅವನಿಗೂ ಗೊತ್ತಿಲ್ಲ. ಹೋದಲ್ಲೆಲ್ಲ ನಮ್ಮದಲ್ಲವೆಂದು ಬಾಗಿಲು ಹಾಕುತ್ತಾರೆ. ಬೀಳುತ್ತಾನೆ, ಏಳುತ್ತಾನೆ, ಮತ್ತೆ ಹೊರುತ್ತಾನೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆದರೆ ಕೊನೆಯ ರೀಲು ಎಲ್ಲೋ ಕಳೆದಿತ್ತು. ಅವನು ಮೂರು ದಾರಿ ಕೂಡುವಲ್ಲಿ ಕಪಾಟಿಳಿಸಿ ಅದರ ಮೇಲೆ ಕೂತಾಗ ಪರದೆ ಬೆಳ್ಳಗಾಗಿಬಿಡುತ್ತಿತ್ತು. ಕಪಾಟಿನ ಒಡೆಯರು ಸಿಕ್ಕರೆಂದು ಹೇಳಿ ಮುಗಿಸಿ ಎಂದು ಮಾಲಕ ಗೋಗರೆದರೂ ಮಾವ ಒಪ್ಪಲಿಲ್ಲ.

“ಮುಂದೇನಾತ್ರೀ?” ಎಂದು ಜನ ಕೂಗಿದರೆ, “ಮುಂದಿಂದು ಅವಗ ಗೊತ್ತಿಲ್ಲ, ನಾ ಹ್ಯಾಂಗ ಹೇಳ್ಲಿ? ಎದ್ದು ಯಾವ ದಾರಿ ಹಿಡೀತಾನೋ ಅದೇ ಅವನ ದಾರಿ” ಎನ್ನುವರು.

ನಿಂಬರ್ಗಾದ ಗೌಡರೊಬ್ಬರು, ನಗಿಸುತ್ತೀರೋ ಪುರಾಣ ಹೇಳುತ್ತೀರೋ ಎಂದು ರೇಗಿದರಂತೆ. “ಇಲ್ಲಿ ನಗ್ರಿ ಗೌಡ್ರ, ಉಳಿದದ್ದು ಮನಿಗಿ ಹೋಗಿ ನೋಡ್ಕೋರಿ” ಎಂದರಂತೆ ಮಾವ.

ನಿಜಾಮರ ವಿರುದ್ಧ ಗಡಿಯ ಗಲಾಟೆ ಹೆಚ್ಚಾದಾಗ ನನ್ನ ಗಂಡ ಗಡಿಯಾಚೆಯ ಹೋರಾಟಗಾರರ ಶಿಬಿರ ಸೇರಿ, ಅಲ್ಲೇ ಗುಂಡು ತಗುಲಿ ಸತ್ತರು. ನನಗಿನ್ನೂ ಹತ್ತೊಂಬತ್ತು. ಕೆಲವು ದಿನ ಕಳೆದು ಮಾವ ಮತ್ತೆ ಡೇರೆಗೆ ಹೊರಟರು. ಮಗ ಸತ್ತರೂ ಮಂದಿಯನ್ನು ನಗಿಸುತ್ತಾನೆಂದು ಓಣಿ ಆಡಿಕೊಂಡಿತು. ಒಂದು ಸಂಜೆ ನನ್ನನ್ನೂ ಕರೆದೊಯ್ದು ಪರದೆಯ ಬದಿಗೆ ಕೂಡಿಸಿದರು. ಕಪಾಟಿನವನು ಬಿದ್ದಾಗ ನನಗೆ ನಗು ಬಂತು, ಹಿಂದೆಯೇ ಅಳು. ತಲೆಯೆತ್ತಿ ನೋಡಿದರೆ ಮಾವನವರ ಕಣ್ಣಿಂದಲೂ ನೀರಿಳಿಯುತ್ತಿತ್ತು. ಮಾತು ಮಾತ್ರ ಒಂದೂ ತಪ್ಪಲಿಲ್ಲ. ಜನ ಪರದೆ ನೋಡುತ್ತಿದ್ದರು, ಅವರ ಮುಖವನ್ನು ಯಾರು ನೋಡಬೇಕು?

ಆಮೇಲೆ ನನ್ನ ಪಂಚಾಯಿತಿ ಶುರುವಾಯಿತು. ತವರಿಗೆ ಕಳಿಸಿ ಎಂದು ನಮ್ಮ ದೊಡ್ಡಪ್ಪ. ಇಲ್ಲೇ ರೊಟ್ಟಿ ಬಡಿದುಕೊಂಡಿರಲಿ ಎಂದು ಮಾವನವರ ತಮ್ಮ. ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆಗೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ಕೊಳಕೂರಿನ ಒಕ್ಕಲುತನದವರೊಬ್ಬರು, ಹೆಂಡತಿ ತೀರಿದವರು, ಅದಕ್ಕೆ ಕೇಳಿ ಕಳಿಸಿದ್ದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ನಾನೇ ಮಾವನವರನ್ನು ಕೇಳಿದೆ, “ನೀವ ಹೇಳ್ರಿ ಮಾವಾರ, ಏನ್ ಮಾಡ್ಲಿ?”

“ಅದೊಂದು ನಾ ಹೇಳಂಗಿಲ್ಲವಾ. ಪರದೇ ಮ್ಯಾಲಿನವಗ ಬಾಯಿಲ್ಲ, ಅದಕ ನಾ ಮಾತಾಡ್ತೇನಿ. ನಿನಗ ಬಾಯಿ ಅದ.”

ಮೈಯೆಲ್ಲ ಉರಿಯಿತು. ಹಿರಿಯರಾಗಿ ಕೈಬಿಟ್ಟರಲ್ಲ ಎಂದು ಬಹಳ ದಿನ ಅವರೊಡನೆ ಮಾತಾಡಲಿಲ್ಲ. ಕಡೆಗೊಮ್ಮೆ ರೊಟ್ಟಿ ನೀಡುತ್ತಲೇ, ಕೊಳಕೂರಿನವರನ್ನು ಮಾಡಿಕೊಳ್ಳುತ್ತೇನೆ ಎಂದೆ.

“ವಿಚಾರ ಮಾಡಿ ಹೇಳಾಕತ್ತೀ?”

“ಹೌದ್ರಿ.”

“ಮುಗೀತು ಹಂಗಾರ.”

ಅವರ ತಮ್ಮ ಸಿಟ್ಟಿನಿಂದ ಕುಣಿದಾಡಿದ, ಮಾವ ಕದಲಲಿಲ್ಲ. ಉಡಿಕಿಯ ದಿನ ತಾವೇ ಒಂದು ಹಸಿರು ಸೀರೆ ತಂದು ನನ್ನ ಉಡಿಗೆ ಹಾಕಿದರು. ಹೆತ್ತ ಮಗನ ಹೆಂಡತಿಯನ್ನು ಹಾಗೆ ಕಳಿಸುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ನಾನು ಮಕ್ಕಳನ್ನು ಹೆತ್ತ ಮೇಲೆ.

ನಿಜಾಮರ ಆಳ್ವಿಕೆ ಮುಗಿದ ಆ ಚಳಿಗಾಲದಲ್ಲೇ ಮಾವ ತೀರಿಕೊಂಡರು. ನಾವು ಗಂಡ ಹೆಂಡತಿ ಆಳಂದ ಮುಟ್ಟುವಷ್ಟರಲ್ಲಿ ಅವರನ್ನು ಸಮಾಧಿಯ ಕುಣಿಯಲ್ಲಿ ಕೂಡಿಸಿ ವಿಭೂತಿ ಇಟ್ಟಿದ್ದರು. ಮಣ್ಣು ಹಾಕಲು ಬಾಗಿದಾಗ ಅವರ ತಮ್ಮ ಅಡ್ಡ ಬಂದ. “ನೀ ಈಗ ಮಂದಿ ಮನಿಯಾಕಿ. ಯಾವ ಸಂಬಂಧದ ಮ್ಯಾಲೆ ಮಣ್ಣ ಹಾಕ್ತಿ ಬೇ?”

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸೊಸೆ ಎನ್ನುವಂತಿರಲಿಲ್ಲ, ಮಗಳೆಂದರೆ ಸುಳ್ಳು. ಎಲ್ಲರೂ ನನ್ನ ಗಂಡನ ಮುಖ ನೋಡಿದರು.

“ಮಾವಾರ ಜೋಡಿ ಈ ಸಂಬಂಧ ನಾನ ಮಾಡ್ಕೊಂಡದ್ದರಿ,” ಎಂದು ಹೇಳಿ ಮಣ್ಣು ಹಾಕಿದೆ.