ಜೂರಾಳ ಕಾಲುದಾರ

ನಿದ್ದೆಯ ಮಾತೆತ್ತಿದರೆ ಸಾಕು, ಮೈರಾಮ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿ ಹೆಣ್ಣುಮಕ್ಕಳನ್ನು ಹೆತ್ತು ವರ್ಷವಾಗುತ್ತ ಬಂದಿದ್ದರೂ ಅವಳು ಕಣ್ತುಂಬ ನಿದ್ದೆ ಮಾಡಿದ ದಿನ ಒಂದೂ ಇರಲಿಲ್ಲ. ಬಾತ್ಮಾ ಮಲಗಿದರೆ ಜೂರಾ ಏಳುತ್ತಿದ್ದಳು. ಜೂರಾ ಕಣ್ಣು ಮುಚ್ಚುವ ಹೊತ್ತಿಗೆ ಬಾತ್ಮಾಳ ನಿದ್ದೆ ಮುಗಿದಿರುತ್ತಿತ್ತು. ಇಬ್ಬರೂ ಪಾಳಿ ಹಾಕಿಕೊಂಡು ತನ್ನನ್ನು ಕಾವಲು ಕಾಯುತ್ತಿದ್ದಾರೆ ಎಂದು ಗಂಡ ಕುಬಾನ್‌ನ ಮುಂದೆ ಹೇಳಿದರೆ ಅವನು ನಗುತ್ತಿದ್ದ. ನಗದೆ ಏನು ಮಾಡಿಯಾನು, ಲಾರಿ ಹತ್ತಿ ವಾರಗಟ್ಟಲೆ ಮನೆ ಬಿಟ್ಟು ಹೋಗುವವನು!

ಇದೇ ಮೈರಾಮ್ ಮದುವೆಗೆ ಮುಂಚೆ ಬೆಟ್ಟದ ಬುಡದ ಕೊಚ್ಕೋರ್ ಊರಿನ ಸುತ್ತಮುತ್ತಲೆಲ್ಲ ಓಟಕ್ಕೆ ಹೆಸರಾದವಳು. ಅಲ್ಲಿನ ಪದ್ಧತಿಯಂತೆ, ಮಗು ನಡೆಯಲು ಕಲಿತ ಮೇಲೆ ಅದರ ಕಾಲೆರಡನ್ನೂ ಕಪ್ಪುಬಿಳುಪಿನ ಉಣ್ಣೆ ದಾರದಿಂದ ಕಟ್ಟಿ ನಿಲ್ಲಿಸುತ್ತಾರೆ. ಹೆಂಗಸರು ದೂರದಿಂದ ಓಡಿ ಬರಬೇಕು, ಮೊದಲು ಮುಟ್ಟಿದವಳು ದಾರ ಕತ್ತರಿಸಬೇಕು. ಕತ್ತರಿಸಿದವಳ ಗುಣ ಮಗುವಿಗೆ ಬರುತ್ತದೆ. ಹಾಗಾಗಿ ಯಾರ ಮನೆಯಲ್ಲಿ ಈ ಹಬ್ಬವಿದ್ದರೂ ಮೈರಾಮ್‌ಗೆ ಕರೆ ಬರುತ್ತಿತ್ತು, ಅವಳೂ ಬಿಡದೆ ಹೋಗುತ್ತಿದ್ದಳು. ಊರಿನ ಶಾಲೆಯಲ್ಲಿ ಈಗ ಜಿಗಿದಾಡುವ ಎಷ್ಟೋ ಮಕ್ಕಳ ದಾರ ಕತ್ತರಿಸಿದ್ದು ಅವಳ ಕೈಯೇ. ಆ ಕೈಗೆ ಈಗ ತೊಟ್ಟಿಲು ತೂಗುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಮಕ್ಕಳು ಹುಟ್ಟಬೇಕಾಗಿದ್ದು ಜೂನ್‌ನಲ್ಲಿ, ಊರಿನ ಕುರಿಕುದುರೆಗಳು ಬೆಟ್ಟದ ಹುಲ್ಲುಗಾವಲಿಗೆ ಹೊರಡುವ ಹೊತ್ತಿಗೆ. ಅವು ಮೇ ತಿಂಗಳ ಮೊದಲಲ್ಲೇ ಬಂದುಬಿಟ್ಟವು. ಇಬ್ಬರನ್ನೂ ಸೇರಿಸಿದರೂ ಒಂದು ತುಂಬಿದ ಮಗುವಿನಷ್ಟಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ಅತ್ತೆ ಉಲ್ಕಾನ್ ಬೆಟ್ಟದ ಮೇಲಿನ ಗುಡಾರಕ್ಕೆ ಗೋಡೆಯಾಗುವ, ಕೊಟ್ಟಿಗೆಯಲ್ಲಿ ಮಡಚಿಟ್ಟಿದ್ದ ಮರದ ಜಾಲರಿಯನ್ನು ಎಳೆದು ತಂದು ಕೋಣೆಯ ಗೋಡೆಗೆ ಒರಗಿಸಿದಳು. ಆಮೇಲೆ ಗಂಡಸರ ಎರಡು ತುಪ್ಪಟದ ಟೋಪಿಗಳನ್ನು ಹುಡುಕಿ ತಂದಳು.

"ತಿಂಗಳು ತುಂಬದೆ ಬಂದಿರೋ ಕೂಸುಗಳು ಉಳಿದ ದಿನಾನ ಟೋಪಿಯೊಳಗೇ ತುಂಬಿಸ್ಕೋಬೇಕು ಕಣೇ. ದಿನಾ ಒಂದೊಂದು ಗೂಟ ದಾಟಿಸ್ತಾ ನೇತುಹಾಕೋದು. ನಮ್ಮತ್ತೆ ಹಿಂಗೇ ಎಷ್ಟು ಮಕ್ಕಳನ್ನ ಉಳಿಸಿದ್ರು ಗೊತ್ತಾ?"

"ಅಪಾ, ಆಸ್ಪತ್ರೆಯಿಂದ ತಂದಿರೋದು ಮಕ್ಕಳನ್ನ. ನೇತುಹಾಕೋಕೆ ಕುರಿಮಾಂಸ ಅಲ್ಲ!" ಎಂದಳು ಮೈರಾಮ್. ಅಲ್ಲಿ ಅಮ್ಮನಿಗೂ ಅತ್ತೆಗೂ ಅಪಾ ಎಂದೇ ಕರೆಯುವುದು.

ಕೊನೆಗೆ ಒಂದು ರಾಜಿಯಾಯಿತು. ಮಕ್ಕಳು ಮೈರಾಮ್‌ಳ ಎದೆಗೆ, ಮಕ್ಕಳು ಹಾಕಿ ಬಿಟ್ಟ ಅಂಗಿಗಳು ಟೋಪಿಗೆ. ಉಲ್ಕಾನ್ ದಿನಾ ಬೆಳಿಗ್ಗೆ ಎದ್ದವಳೇ, ಚಹಾಕ್ಕೂ ಮುಂಚೆ, ಎರಡು ಟೋಪಿಗಳನ್ನು ಜಾಲರಿಯ ಒಂದು ಗೂಟದಿಂದ ಪಕ್ಕದ ಗೂಟಕ್ಕೆ ಸರಿಸುತ್ತಿದ್ದಳು. ಜಾಲರಿ ಒಲೆಯ ದಾರಿಗೆ ಅಡ್ಡ. ಹಾಲು ಕಾಯಿಸಲು ಹೋಗುವಾಗ ಮೈರಾಮ್ ಅದಕ್ಕೆ ಮೊಣಕಾಲು ಗುದ್ದಿಕೊಂಡು ಬೈದುಕೊಳ್ಳದ ದಿನವಿಲ್ಲ. ಜೂನ್‌ನಲ್ಲಿ ಗುಡಾರವನ್ನು ಲಾರಿಗೆ ಹೇರುವ ದಿನ ಉಲ್ಕಾನ್ ಟೋಪಿಗಳನ್ನು ಇಳಿಸಿ, "ಈಗ ದಿನ ತುಂಬಿದ್ವು," ಎಂದಳು. ಜಾಲರಿ ಹೊರಗೆ ಹೋಗಿದ್ದಕ್ಕೆ ಮೈರಾಮ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಟೋಪಿಯ ವಿಷಯ ಅವಳು ಅಂದೇ ಮರೆತಳು.

ಆಮೇಲೆ ಶುರುವಾಯಿತು ನಿಜವಾದ ಕಾಟ. ಅವಳು ಎಜೆ, ಅಂದರೆ ಅಕ್ಕ, ಎಂದು ಕರೆಯುವ ಓರಗಿತ್ತಿ ಗುಲ್‌ಸಾಯ್ರಾಳ ಮಗ ಬೆಕ್ತುರ್ ಹುಟ್ಟಿದ್ದೂ ಅದೇ ಮೇ ತಿಂಗಳಲ್ಲಿ, ಆದರೆ ದಿನ ತುಂಬಿಯೇ ಹುಟ್ಟಿದವನು. ಅವನು ಮಗ್ಗುಲು ಹೊರಳಿದರೆ ಗುಲ್‌ಸಾಯ್ರಾ ಬೇಲಿಯಾಚೆಯಿಂದ ಕೂಗಿ ಹೇಳುವಳು. ಕೂತರೆ ಎತ್ತಿಕೊಂಡು ಬಂದು ಇವಳ ಚಾಪೆಯ ಮೇಲೇ ಕೂರಿಸಿ ತೋರಿಸುವಳು. ಹಲ್ಲು ಬಂದಾಗಲಂತೂ ಕೇಳಲೇಬೇಡಿ.

"ನಮ್ಮ ಬೆಕ್ತುರ್‌ದು ಒಂದು ಚೂರೂ ತಕರಾರಿಲ್ಲಪ್ಪ. ತೊಟ್ಟಿಲಲ್ಲಿ ಕಟ್ಟಿ ಮಲಗಿಸಿದ್ರೆ ಮುಗೀತು, ಬೆಳಿಗ್ಗೆ ನಾವೇ ಎಬ್ಬಿಸ್ಬೇಕು. ನಿನ್ನವು ಯಾಕೆ ಹಿಂಗೆ ಮೈರಾಮ್? ಬಟ್ಟೆ ಬಿಗಿಯಾಗಿ ಕಟ್ತಿಲ್ವೇನೋ."

"ಕಟ್ಟೋಕೆ ಬರುತ್ತೆ ಎಜೆ. ಬಾಯಿಗೂ ಕಟ್ಟೋಣ ಅನ್ನಿಸುತ್ತೆ ಒಂದೊಂದ್ಸಲ," ಎಂದಳು ಮೈರಾಮ್. ಯಾರ ಬಾಯಿಗೆ ಎಂದು ಹೇಳಲಿಲ್ಲ.

ಬಾತ್ಮಾ ಹೇಗೋ ತೊಟ್ಟಿಲಿಗೆ ಒಗ್ಗಿಕೊಂಡಳು. ಜೂರಾ ಹಾಗಲ್ಲ, ಕಾಲಿಗೆ ಬಟ್ಟೆ ಸುತ್ತಿದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು. ಅದೇ ಕೋಣೆಯಲ್ಲಿ ಮಲಗುವ ಉಲ್ಕಾನ್‌ಗೆ ಮಾತ್ರ ಒಂದು ಸದ್ದೂ ಕೇಳುತ್ತಿರಲಿಲ್ಲ. ದೇವರು ಆ ಹೆಂಗಸಿಗೆ ಎಂಥ ನಿದ್ದೆ ಕೊಟ್ಟಿದ್ದನೋ! ಬೆಳಿಗ್ಗೆ ಎದ್ದು ಆಕಳಿಸುತ್ತ ಕೇಳುವಳು: "ಪರವಾಗಿಲ್ಲ, ಮಕ್ಕಳು ಚೆನ್ನಾಗಿ ಮಲಗಿದ್ವು ಅಲ್ವಾ? ಒಂದ್ಸಲಾನೂ ಅಳಲಿಲ್ಲ." ಆಗ ಕೈಯಲ್ಲಿರುವ ಹಾಲಿನ ಪಾತ್ರೆಯನ್ನು ನೆಲಕ್ಕೆ ಕುಕ್ಕದೆ ಇರಲು ಮೈರಾಮ್ ಬಹಳ ಕಷ್ಟಪಡಬೇಕಾಗುತ್ತಿತ್ತು.

ಊರಿನ ನರ್ಸ್ ರೋಜಾ ಎಜೆ ಬಂದು ಇಬ್ಬರ ಕಾಲನ್ನೂ ಎಳೆದು, ಮಡಚಿ, ನಿಲ್ಲಿಸಿ ನೋಡಿದಳು. "ಏನೂ ಆಗಿಲ್ಲ ಕಣೇ. ನೀನು ಹುಟ್ಟಿದ ದಿನದಿಂದ ಲೆಕ್ಕ ಹಾಕ್ತಿದೀಯ. ಹುಟ್ಟಬೇಕಾಗಿದ್ದ ದಿನದಿಂದ ಹಾಕು. ಕೂರೋದು, ನಡೆಯೋದು, ನಿದ್ದೆ ಹದಕ್ಕೆ ಬರೋದು ಎಲ್ಲ ಆ ಲೆಕ್ಕದಲ್ಲೇ ಬರೋದು. ಅದ್ರಲ್ಲೂ ಒಬ್ಬಳು ಮುಂದೆ, ಒಬ್ಬಳು ಹಿಂದೆ ಇರ್ತಾಳೆ," ಎಂದಳು.

ಮೈರಾಮ್‌ಗೆ ಉಸಿರು ಬಂದಂತಾಯಿತು. ಆದರೆ ನರ್ಸ್ ಗೇಟು ದಾಟುವುದೇ ತಡ, ಉಲ್ಕಾನ್ ಶುರುಮಾಡಿದಳು.

"ಹುಟ್ಟಬೇಕಾಗಿದ್ದ ದಿನವಂತೆ! ಹಂಗಾದ್ರೆ ನನ್ನ ವಯಸ್ಸಲ್ಲೂ ಒಂದಿಷ್ಟು ಕಳೆದುಕೊಡ್ತಾಳಾ ಆ ರೋಜಾ? ಹುಟ್ಟಿದ ದಿನ ಅಂದ್ರೆ ಹುಟ್ಟಿದ ದಿನಾನೇ. ಕೇಳಿದೋರು ನಗ್ತಾರೆ."

ಮತ್ತೆ ಮೇ ಬಂತು. ಊರಿನವರು ಬೆಟ್ಟಕ್ಕೆ ಹೊರಡುವ ಮುಂಚೆ ಮೂರೂ ಮಕ್ಕಳ ದಾರ ಒಟ್ಟಿಗೇ ಕತ್ತರಿಸಿಬಿಡುವುದೆಂದು ಉಲ್ಕಾನ್ ತೀರ್ಮಾನಿಸಿ, ನೆಂಟರಿಗೆಲ್ಲ ಹೇಳಿಕಳಿಸಿ, ಆಮೇಲೆ ಸೊಸೆಗೆ ತಿಳಿಸಿದಳು.

"ಬಾತ್ಮಾ ಏನೋ ನಾಲ್ಕು ಹೆಜ್ಜೆ ಇಡ್ತಾಳೆ. ಜೂರಾ ಇನ್ನೂ ನಿಲ್ಲೋದೇ ಇಲ್ಲ ಅಪಾ."

"ಹಿಡ್ಕೊಂಡು ನಿಲ್ಲಿಸಿದ್ರಾಯ್ತು."

"ನಡೆಯದೆ ಇರೋ ಮಗುವಿನ ದಾರ ಕತ್ತರಿಸಿದ್ರೆ ಜನ ಏನಂತಾರೆ?"

"ಅವಳೀಲಿ ಒಬ್ಬಳಿಗೆ ಮಾಡಿ ಒಬ್ಬಳನ್ನ ಬಿಟ್ರೆ ಏನಂತಾರೆ, ಅದನ್ನ ಮೊದಲು ಯೋಚ್ನೆ ಮಾಡು."

ಮೈರಾಮ್ ಹೆದರಿದ್ದು ಅದಕ್ಕೇ. ಈ ಊರಿನಲ್ಲಿ ಒಮ್ಮೆ ಅಂಟಿದ ಹೆಸರು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಅಂಗಡಿಯ ಮುಕಾಶ್ ತನ್ನ ದಾರ ಕತ್ತರಿಸಿದ ದಿನ ಒಂದು ಹೆಜ್ಜೆಯನ್ನೂ ಇಡದೆ ಮಣ್ಣಿನಲ್ಲಿ ಕೂತುಬಿಟ್ಟನಂತೆ. ಈಗ ಅವನಿಗೆ ಗಡ್ಡ ಬೆಳ್ಳಗಾಗಿದೆ, ಮೊಮ್ಮಕ್ಕಳಿದ್ದಾರೆ, ಆದರೂ ಅವನು 'ಕೂತ ಮುಕಾಶ್'. ತನ್ನ ಮಗಳಿಗೂ ಜನ್ಮಕ್ಕಂಟುವ ಒಂದು ಹೆಸರನ್ನು ಊರೆಲ್ಲ ಸೇರಿ ಕೊಡುವ ದಿನ ಬಂತು ಎಂದು ಮೈರಾಮ್‌ಗೆ ಅನ್ನ ಸೇರಲಿಲ್ಲ.

ಹಬ್ಬದ ದಿನ ಮನೆಯ ಹಿಂದಿನ ಬಯಲು ತುಂಬಿತು. ದೊಡ್ಡ ಕಡಾಯಿಯಲ್ಲಿ ಮಾಂಸ ಬೇಯುತ್ತಿತ್ತು, ಕರಿದ ಹಿಟ್ಟಿನ ಬೋರ್ಸೋಕ್ ಜಮಖಾನದ ಮೇಲೆ ರಾಶಿ ಬಿದ್ದಿತ್ತು. ಬೆಕ್ತುರ್‌ಗಾಗಿ ಓಡು ಬಾ ಎಂದು ಗುಲ್‌ಸಾಯ್ರಾ ಮೈರಾಮ್‌ಳ ಕೈ ಹಿಡಿದಳು.

"ಎಜೆ, ನನ್ನನ್ನ ಓಡಿಸಿದ್ರೆ ಅರ್ಧ ದಾರೀಲೇ ಮಲಗಿಬಿಡ್ತೀನಿ. ಆಮೇಲೆ ನಿಮ್ಮ ಮಗನಿಗೆ ಆ ಗುಣ ಬಂದ್ರೆ ನನ್ನ ಬೈಬೇಡಿ."

ಬೆಕ್ತುರ್‌ನ ದಾರ ಕತ್ತರಿಸಿದ್ದೇ ಅವನು ದುಡುದುಡು ಓಡಿ ಕಡಾಯಿಯ ಹತ್ತಿರ ಹೋಗಿ ಸಿಕ್ಕಿಬಿದ್ದ. ಜನ ಹೋ ಎಂದರು. ಬಾತ್ಮಾ ನಾಲ್ಕು ಹೆಜ್ಜೆ ಇಟ್ಟು, ಬಿದ್ದು, ತಾನೇ ಎದ್ದು ಮತ್ತೆರಡು ಇಟ್ಟಳು. ಅದಕ್ಕೂ ಹೋ ಎಂದರು. ಮೂರನೆಯದು ಜೂರಾ. ಬೆಳಿಗ್ಗೆಯಿಂದ ಕಣ್ಣು ಮುಚ್ಚದೆ ರಂಪ ಮಾಡಿ ಅವಳ ಮುಖವೆಲ್ಲ ಕೆಂಪಾಗಿತ್ತು. ಉಲ್ಕಾನ್ ತಾನೇ ಅವಳ ಕಾಲಿಗೆ ದಾರ ಕಟ್ಟಿ, ಮಂಡಿಯೂರಿ ಕೂತು, ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ನಿಲ್ಲಿಸಿದಳು.

"ಇದು ನಿಲ್ಲುತ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕೂತ ಮುಕಾಶ್‌ಗೆ ಜೊತೆ ಸಿಕ್ತು ಬಿಡಿ," ಎಂದು ಇನ್ನೊಬ್ಬರು. ಒಂದಿಷ್ಟು ಜನ ನಕ್ಕರು. ಮೈರಾಮ್ ತಲೆ ಎತ್ತಲಿಲ್ಲ.

ಓಟದವರು ಕೂಗುತ್ತ, ಧೂಳೆಬ್ಬಿಸುತ್ತ ಬಂದರು. ಎಲ್ಲರಿಗಿಂತ ಮುಂದೆ ಬಂದ ಹುಡುಗಿ ಏದುಸಿರು ಬಿಡುತ್ತ ಚಾಕು ತೆಗೆದುಕೊಂಡು ಬಗ್ಗಿದವಳು ಹಾಗೇ ನಿಂತಳು. ಜೂರಾಳ ತಲೆ ಅಜ್ಜಿಯ ತೋಳಿನ ಮೇಲೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಇಡೀ ಊರು ಕಿವಿಯ ಹತ್ತಿರ ಬೊಬ್ಬೆ ಹೊಡೆಯುತ್ತಿರುವಾಗ, ಕಾಲು ಕಟ್ಟಿಸಿಕೊಂಡು, ಗಾಢ ನಿದ್ದೆ.

"ನೋಡ್ತಾ ನಿಂತ್ಯಲ್ಲೇ, ಕತ್ತರಿಸು," ಎಂದಳು ಉಲ್ಕಾನ್.

ಅಷ್ಟರಲ್ಲಿ ಮೈರಾಮ್ ಅಲ್ಲಿದ್ದಳು. ಎಲ್ಲಿಂದ ಬಂದಳೋ, ಅಷ್ಟು ವೇಗವಾಗಿ ಓಡಿ ಅವಳಿಗೇ ವರ್ಷವಾಗಿತ್ತು.

"ಎಬ್ಬಿಸಿದ್ರೆ ಜೋಕೆ!" ಎಂದು ಪಿಸುದನಿಯಲ್ಲೇ ಅಬ್ಬರಿಸಿದಳು. ಅತ್ತೆಯೆದುರು ತಗ್ಗಿಸಿ ಮಾತನಾಡಬೇಕೆನ್ನುವುದು, ನೆಂಟರು ನೋಡುತ್ತಿದ್ದಾರೆನ್ನುವುದು, ಯಾವುದೂ ಅವಳ ನೆನಪಿನಲ್ಲಿರಲಿಲ್ಲ. "ಅಪಾ, ಒಂದು ವರ್ಷದಿಂದ ಇದು ಹಗಲು ಹಿಂಗೆ ಮಲಗಿದ್ದು ನಾನು ನೋಡಿಲ್ಲ. ನಡೀಲಿ ಬಿಡ್ಲಿ, ಊರು ಏನು ಬೇಕಾದ್ರೂ ಹೆಸರಿಟ್ಕೊಳ್ಳಲಿ. ಈಗ ಚಾಕು ತಾಕಿಸಿ ಎಬ್ಬಿಸಿದ್ರೆ ನಾನು ಇಲ್ಲೇ ಮಣ್ಣಲ್ಲಿ ಬಿದ್ದು ಹೊರಳಾಡಿ ಅಳ್ತೀನಿ, ನೋಡಿ!" ಅಳುವುದಕ್ಕೆ ಮಣ್ಣಿನವರೆಗೂ ಹೋಗಬೇಕಾಗಲಿಲ್ಲ. ನಿಂತಲ್ಲೇ ಅವಳ ಕಣ್ಣಿಂದ ನೀರು ಸುರಿಯಿತು.

ಉಲ್ಕಾನ್ ಸೊಸೆಯ ಮುಖ ನೋಡಿದಳು. ಕಣ್ಣ ಕೆಳಗಿನ ಕಪ್ಪನ್ನು ಅವಳು ಅಂದೇ ಮೊದಲು ಕಂಡಳೋ ಏನೋ. ಮಗುವನ್ನು ತೋಳಿನಲ್ಲಿ ಅಲುಗಿಸದೆ ಎದ್ದು ಒಳಗೆ ನಡೆದು, ಹಾಸಿದ ಕೌದಿಯ ಮೇಲೆ ಮಲಗಿಸಿದಳು. ಓಡಿ ದಣಿದ ಬಾತ್ಮಾಳನ್ನು ಪಕ್ಕಕ್ಕೆ ಹಾಕಿದರೆ ಅವಳೂ ಹೊರಳಿ ಕಣ್ಣು ಮುಚ್ಚಿದಳು. ಇಬ್ಬರೂ ಒಟ್ಟಿಗೆ! ಮೈರಾಮ್ ನಂಬಿಕೆಯಾಗದೆ ಅವರ ಕಾಲ ಬಳಿ ಕೂತು, ಜೂರಾಳ ದಾರದ ಗಂಟನ್ನು ಕೊಂಚ ಸಡಿಲ ಮಾಡಿ, ಅಲ್ಲೇ ಕೌದಿಯ ಅಂಚಿಗೆ ತಲೆಯಿಟ್ಟಳು. ಉಲ್ಕಾನ್ ಹೋಗಿ ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡವಾಗಿ ಕೂತಳು.

ಸ್ವಲ್ಪ ಹೊತ್ತಿಗೆ ಹೊರಗೆ ಗುಲ್‌ಸಾಯ್ರಾಳ ದನಿ ಕೇಳಿಸಿತು. "ಅಪಾ, ಜನ ಕೇಳ್ತಿದಾರೆ. ದಾರ ಹಂಗೇ ಉಳೀತಲ್ಲ, ವರ್ಷ ಆದ್ರೂ ಇದು ನಡೆಯಲ್ವಾ ಅಂತ."

"ವರ್ಷ ಆಯ್ತು ಅಂತ ಯಾರು ಹೇಳಿದ್ದು?" ಎಂದಳು ಉಲ್ಕಾನ್. "ಇದರ ಟೋಪಿ ಜಾಲರಿಯಿಂದ ಇಳಿದಿದ್ದು ಬೆಟ್ಟಕ್ಕೆ ಹೊರಟ ದಿನ. ಅಲ್ಲಿಂದ ಲೆಕ್ಕ. ಇಳಿಸಿದೋಳು ನಾನು, ನಂಗೊತ್ತಿಲ್ವಾ? ವರ್ಷ ತುಂಬೋಕೆ ಇನ್ನೂ ಇದೆ. ಬೆಟ್ಟದ ಮೇಲೆ, ನಡೆದ ದಿನ ಕತ್ತರಿಸ್ತೀವಿ."

"ಮತ್ತೆ ಬಾತ್ಮಾಗೆ ಈಗ್ಲೇ ಕತ್ತರಿಸಿದ್ರಿ?"

"ಅವಳು ಅವಸರದೋಳು. ಹೋಗು, ಹೆಸರಿಡೋರ ಬಾಯಿಗೆಲ್ಲ ಒಂದೊಂದು ತುಂಡು ಮಾಂಸ ಇಡು. ಸದ್ದು ಮಾಡ್ಬೇಡಿ, ಮೂರು ಜನ ಮಲಗಿದಾರೆ ಒಳಗೆ."

ಮೈರಾಮ್‌ಗೆ ಇದೆಲ್ಲ ಕೇಳಿಸಿತು. ರೋಜಾ ಎಜೆ ಹೇಳಿದ್ದೂ ಇದನ್ನೇ ಅಲ್ವಾ ಅಪಾ, ಅವತ್ತು ಯಾಕೆ ಹಂಗೆ ಜಗಳಕ್ಕೆ ಬಂದ್ರಿ ಎಂದು ಎದ್ದು ಕೇಳಬೇಕೆಂದುಕೊಂಡಳು. ಮೊಣಕಾಲು ಗುದ್ದಿದ ಆ ಜಾಲರಿಗೆ ಬೈದ ಬೈಗುಳವನ್ನೆಲ್ಲ ವಾಪಸ್ಸು ತೆಗೆದುಕೊಳ್ಳಬೇಕು ಎಂದೂ ಅನ್ನಿಸಿತು. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದುಬಿಟ್ಟಿತು.